ಅಂಗೈಯಗಲ ಗೀರು

ನನ್ನ ಕಾರಿನ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಟವೆಲ್ ತುಂಡಿದೆ. ಹುಟ್ಟಿನಿಂದ ಅದು ನಮ್ಮವರ ಮೈ ಒರೆಸುವ ಟವೆಲ್ಲು. ಅಂಚು ಹರಿದ ಮೇಲೆ ಅಡುಗೆಮನೆಗೆ ಬಂತು, ಅಲ್ಲಿಂದ ಬಡ್ತಿ ಪಡೆದು ಕಾರಿಗೆ ಬಂತು. ಮೊನ್ನೆ ವಿಮೆಯ ಕಾಗದ ಹುಡುಕುವಾಗ ಅದು ಹೊರಗೆ ಬಿದ್ದದ್ದನ್ನು ಕಂಡು ನಮ್ಮವರು, "ಇದನ್ನಿನ್ನೂ ಒಗದಿಲ್ಲೇನು ನೀ?" ಎಂದರು. ಎಸೆಯುವುದು ಹೇಗೆ ಹೇಳಿ? ಕೆಲವರು ಓಟದಲ್ಲಿ ಗೆದ್ದ ಕಪ್ಪನ್ನು ಷೋಕೇಸಿನಲ್ಲಿ ಇಡುತ್ತಾರೆ. ನಮ್ಮ ಮನೆಯ ಗೆಲುವಿಗೆ ಕಪ್ಪು ಗಿಪ್ಪು ಯಾರೂ ಕೊಡಲಿಲ್ಲ, ಉಳಿದದ್ದು ಈ ತುಂಡೇ. ಗೆದ್ದವಳು ನಾನಲ್ಲ ಅನ್ನುವುದೊಂದು ಸಣ್ಣ ತೊಡಕು, ಅದನ್ನು ಮುಂದೆ ಹೇಳುತ್ತೇನೆ.

ಮೊದಲು ನಮ್ಮ ಸೂರ್ಯನ ವಿಷಯ. ನಮ್ಮ ಮನೆ ದೇವದುರ್ಗದಲ್ಲಿ. ನಾನು ವಿಜ್ಞಾನ ಕಲಿಸುವ ಹೈಸ್ಕೂಲು ರಾಯಚೂರಿನಲ್ಲಿ. ಇಲ್ಲಿಂದ ರಾಯಚೂರು ಮೂಡಲಿಗೆ. ಹಾಗಾಗಿ ಬೆಳಿಗ್ಗೆ ಹೋಗುವಾಗ ಸೂರ್ಯ ಕಣ್ಣಿಗೆ ಎದುರು. ಸಂಜೆ ತಿರುಗಿ ಬರುವಾಗ ಅಷ್ಟೊತ್ತಿಗೆ ಅವನೂ ಪಡುವಲಿಗೆ ಬಂದು ನಿಂತಿರುತ್ತಾನೆ, ಮತ್ತೆ ಎದುರು. ರಾಯಚೂರಲ್ಲಿ ಮನೆ ಮಾಡಿ ದೇವದುರ್ಗಕ್ಕೆ ನೌಕರಿಗೆ ಬರುವವರಿಗೆ ಎರಡು ಹೊತ್ತೂ ಬಿಸಿಲು ಬೆನ್ನಿಗೆ. ಅವರು ಗಬ್ಬೂರಿನ ಹತ್ತಿರ ನನಗೆ ಎದುರಾಗಿ ದಾಟಿ ಹೋಗುವಾಗ ಅವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ರಾಯಚೂರಿನ ಬಿಸಿಲು ನಿಮಗೆ ಗೊತ್ತಿದ್ದದ್ದೇ, ಅದನ್ನು ದಿನಕ್ಕೆ ಎರಡು ಸಲ ಮುಖಾಮುಖಿ ನೋಡುವ ಭಾಗ್ಯ ನನ್ನದು.

ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಇದು ಡ್ರೈವರನ ಕಷ್ಟವಾಗಿತ್ತು. ನಾನು ಕಂಡಕ್ಟರನ ಬೆನ್ನಿಗೋ ಯಾರದೋ ಜೋಳದ ಚೀಲಕ್ಕೋ ಆನಿಕೊಂಡು ನಿದ್ದೆ ಹೋಗುತ್ತಿದ್ದೆ. ಹದಿನಾರು ವರ್ಷ ಹಾಗೆ ನಿದ್ದೆ ಹೋದ ಮೇಲೆ ನಲವತ್ತೆಂಟನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು, ಒಂದು ಹಳೆಯ ಬಿಳಿ ಕಾರು ತೆಗೆದುಕೊಂಡೆ. ನಮ್ಮ ಓಣಿಯಲ್ಲಿ ಕಾರು ನಡೆಸುವ ಹೆಂಗಸು ನಾನೇ ಮೊದಲು. ಮೊದಲ ಸಲ ಒಬ್ಬಳೇ ರಾಯಚೂರಿಂದ ಕಲ್ಲೂರು ದಾಟಿ ಮಾನ್ವಿಯ ತವರಿಗೆ ಹೋಗಿ ಬಂದ ದಿನ ಕಾರನ್ನು ಅಂಗಳದಲ್ಲಿ ನಿಲ್ಲಿಸಿ, ಇಳಿಯದೆ ಹತ್ತು ನಿಮಿಷ ಸುಮ್ಮನೆ ಕೂತಿದ್ದೆ. ನನ್ನ ಕಾಲ ಮೇಲೆ ನಾನು ನಿಲ್ಲುವುದು ಕೂತುಕೊಂಡೇ ಆಗುತ್ತದೆ ಎಂದು ಅವತ್ತು ತಿಳಿಯಿತು.

ಆ ಕಾರಿಗೆ ನಾನು ಮಾಡುತ್ತಿದ್ದ ಮುಖ್ಯ ಸೇವೆಯೆಂದರೆ ಒರೆಸುವುದು. ನನಗೆ ಒರೆಸುವ ಚಟ ಇದೆ. ಅದರ ಬೇರು ಮಾನ್ವಿಯಲ್ಲಿದೆ. ನನ್ನ ಅಪ್ಪ ಅಲ್ಲಿನ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ. ಸಂಜೆ ಮಿಲ್ಲಿನಿಂದ ಹೊರಗೆ ಬಂದರೆ ತಲೆಯಿಂದ ಕಾಲಿನವರೆಗೆ ತೌಡಿನ ಪುಡಿ. ರೆಪ್ಪೆ ಬೆಳ್ಳಗೆ, ಕಿವಿಯ ಕೂದಲು ಬೆಳ್ಳಗೆ. ಒಮ್ಮೆ ಅದೇ ವೇಷದಲ್ಲಿ ನನ್ನನ್ನು ಕರೆದೊಯ್ಯಲು ಶಾಲೆಯ ಗೇಟಿಗೆ ಬಂದಿದ್ದ. ಗೆಳತಿಯರು ಕಿಸಕ್ಕನೆ ನಕ್ಕರು. ಮರುದಿನದಿಂದ ನಾನೇ ಶಾಲೆ ಬಿಟ್ಟ ಕೂಡಲೆ ಮಿಲ್ಲಿನ ಬಾಗಿಲಿಗೆ ಓಡಿ, ಅವನು ರಸ್ತೆಗೆ ಬರುವುದರೊಳಗೆ ಲಂಗದ ತುದಿಯಿಂದ ಅವನ ಮುಖ, ಕತ್ತು, ಕೈ ಒರೆಸುತ್ತಿದ್ದೆ. ಅವನು ಬಗ್ಗಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಮಗಳಿಗೆ ತನ್ನ ಮೇಲೆ ಎಷ್ಟು ಮಾಯೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಮಾಯೆ ಅರ್ಧ, ನಾಚಿಕೆ ಅರ್ಧ ಇತ್ತು ಎಂದು ಅವನಿಗೆ ನಾನು ಹೇಳಲೇ ಇಲ್ಲ. ಅಂದಿನಿಂದ ಧೂಳು ಕಂಡರೆ ನನ್ನ ಕೈ ತಾನೇ ಏಳುತ್ತದೆ.

ಹಾಗೆ ದಿನಾ ಬೆಳಿಗ್ಗೆ ಎಂಟಕ್ಕೆ, ಹೆಗಲಿಗೆ ಬ್ಯಾಗು ಹಾಕಿಕೊಂಡು, ಟವೆಲ್ ತುಂಡು ಹಿಡಿದು ಕಾರಿನ ಮುಂಗಾಜನ್ನು ಗರಗರ ಒರೆಸುತ್ತಿದ್ದೆ. ಮೊದಲು ಬಲಕ್ಕೆ ನಿಂತು, ಆಮೇಲೆ ಎಡಕ್ಕೆ ಹೋಗಿ. ನೀರು? ನೀರೇಕೆ, ನಾನು ಅವಸರದ ಹೆಂಗಸು. ದಾರಿಯಲ್ಲಿ ಗಾಜು ಮಸುಕಾದರೆ ಒಣ ವೈಪರನ್ನೇ ಎರಡು ಸುತ್ತು ಆಡಿಸುತ್ತಿದ್ದೆ. ಬಾನೆಟ್ಟಿನ ಕೆಳಗೆ ಗಾಜು ತೊಳೆಯುವ ನೀರಿಗೆಂದೇ ಒಂದು ಡಬ್ಬಿ ಇರುತ್ತದೆ ಎನ್ನುವುದು ನನಗೆ ತಿಳಿದದ್ದು ಕಾರು ಬಂದ ಎಂಟು ತಿಂಗಳ ಮೇಲೆ. ಅಷ್ಟೊತ್ತಿಗೆ ಆ ಡಬ್ಬಿಯಲ್ಲಿ ಒಂದು ಜೇಡ ಸಂಸಾರ ಹೂಡಿತ್ತು.

ಇನ್ನು ಅತ್ತೆಯನ್ನು ನಿಮಗೆ ಪರಿಚಯ ಮಾಡಿಸಬೇಕು. ಹೆಸರು ಹುಸೇನಮ್ಮ. ತವರು ಮಾನ್ವಿ ತಾಲೂಕಿನ ಕುರ್ಡಿ. ಅವರ ಅವ್ವ ಪೀರಲ ಹಬ್ಬದಲ್ಲಿ, ಅಂದರೆ ಮೊಹರಂನಲ್ಲಿ, ಹರಕೆ ಹೊತ್ತು ಹಡೆದ ಮಗಳು, ಅದಕ್ಕೇ ಆ ಹೆಸರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧ ಇದ್ದಾನೆ, ಅತ್ತೆಯ ಎದೆಯಲ್ಲಿ ಪೀರಲ ದೇವರೂ ಇದ್ದಾನೆ, ಇಬ್ಬರಿಗೂ ಇವತ್ತಿನವರೆಗೆ ಜಗಳ ಬಂದಿಲ್ಲ. ಅತ್ತೆ ನನಗಿಂತ ಒಂದು ಗೇಣು ಎತ್ತರ. ಎಡಚಿ. ಗದ್ದೆಯಲ್ಲಿ ನಾಟಿ ಹಚ್ಚಿ, ಕಳೆ ಕಿತ್ತು ಬೆಳೆದ ಉದ್ದನೆಯ ಕೈಗಳು. ನಾನು ಕಾರು ಕಲಿಯುತ್ತೇನೆಂದಾಗ ನಮ್ಮವರು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. "ಕಲೀಲಿ ಬಿಡು, ಆಕಿಗೆ ಕೈಕಾಲಿಲ್ಲೇನು?" ಎಂದವರು ಅತ್ತೆ. ಪ್ರತಿ ಶನಿವಾರ ಅವರು ನನ್ನ ಜೊತೆ ರಾಯಚೂರಿಗೆ ಬರುತ್ತಿದ್ದರು. ನನ್ನ ಅರ್ಧ ದಿನದ ಶಾಲೆ ಮುಗಿಯುವವರೆಗೆ ಕಾರಿನಲ್ಲೋ ಶಾಲೆಯ ಬೇವಿನ ಕೆಳಗೋ ಕೂತಿದ್ದು, ಮಧ್ಯಾಹ್ನ ಬಜಾರು ಮುಗಿಸಿ, ಸಂಜೆ ನನ್ನ ಪಕ್ಕದ ಸೀಟಿನಲ್ಲಿ ಎರಡೂ ಕೈ ಮೊಣಕಾಲ ಮೇಲಿಟ್ಟು, ಸಾಹೇಬರು ತಪಾಸಣೆಗೆ ಹೊರಟ ಠೀವಿಯಲ್ಲಿ ವಾಪಸು ಬರುತ್ತಿದ್ದರು.

ಜನವರಿಯ ಒಂದು ಸಂಜೆ ಗಬ್ಬೂರು ದಾಟಿದ ಮೇಲೆ ಅದು ಆಯಿತು. ಅವತ್ತು ನಾನೊಬ್ಬಳೇ. ಸೂರ್ಯ ರಸ್ತೆಯ ಮೇಲೆಯೇ ಇಳಿಯುತ್ತಿದ್ದ. ಇದ್ದಕ್ಕಿದ್ದಂತೆ ಗಾಜಿನ ತುಂಬ ಸಾವಿರ ಸಣ್ಣ ಗೀರುಗಳು ಹೊತ್ತಿಕೊಂಡವು. ಸುತ್ತು ಸುತ್ತಾದ ಬೆಳ್ಳಿ ಎಳೆಗಳು. ರಸ್ತೆ ಇಲ್ಲ, ಮರ ಇಲ್ಲ, ಬರೀ ಥಳಥಳ. ಬ್ರೇಕ್ ತುಳಿದೆ. ಕಾರು ನಿಂತ ಮೇಲೆ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರೆ ಬಂಪರಿಗೆ ಒಂದು ಮಾರು ದೂರದಲ್ಲಿ ಕುರಿಹಿಂಡು ರಸ್ತೆ ದಾಟುತ್ತಿತ್ತು. ಕುರುಬರ ಮುದುಕ ಕೋಲು ಊರಿ ನಿಂತು ನನ್ನನ್ನು ನೋಡಿದ.

"ಏನವಾ, ಕಣ್ಣು ಮನ್ಯಾಗಿಟ್ಟು ಬಂದೀಯೇನು?"

ಮನೆಗೆ ಬಂದು ನಡೆದದ್ದೆಲ್ಲ ಹೇಳಿದೆ. ನಮ್ಮವರು ಬೈಯಲಿಲ್ಲ. ಬೈದಿದ್ದರೆ ಜಗಳ ಮಾಡಬಹುದಿತ್ತು. "ಗಾಜು ಹೊಸಾದು ಹಾಕ್ಸೋಣಂದ್ರ ಈ ಮಾಡಲ್ ಬಂದ್ ಆಗ್ಯಾದ, ಎಲ್ಲೂ ಸಿಗವಲ್ದು. ಈ ತಿಂಗಳು ನೋಡೋಣ. ಸರಿ ಆಗ್ಲಿಲ್ಲಂದ್ರ ಕಾರು ಬಿಡು ಸುಜಾತಾ, ಬಸ್ಸಿಗೆ ಹೋಗು" ಎಂದರು. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಎದುರಿಗೆ ಕುರಿ ಇದ್ದ ಜಾಗದಲ್ಲಿ ಶಾಲೆಯ ಮಕ್ಕಳೂ ಇರಬಹುದಿತ್ತು. ಹದಿನಾರು ವರ್ಷ ಕಾದು ಸಿಕ್ಕ ಸ್ಟೀರಿಂಗು ತಿಂಗಳ ಕೊನೆಗೆ ಕೈಬಿಡುತ್ತದೆ ಎಂಬ ಯೋಚನೆಗೆ ನನಗೆ ಊಟ ಸೇರಲಿಲ್ಲ.

ತಪ್ಪು ಯಾರದು ಎಂದು ಹುಡುಕತೊಡಗಿದೆ. ತಪ್ಪು ಹುಡುಕುವವರು ಸಾಮಾನ್ಯವಾಗಿ ಮನೆಯಲ್ಲಿ ಕನ್ನಡಿ ಇರುವ ಕೋಣೆಯನ್ನು ಬಿಟ್ಟು ಉಳಿದೆಲ್ಲ ಕಡೆ ಹುಡುಕುತ್ತಾರೆ. ನನಗೆ ಒಂದು ಬೆಳಗಿನ ನೆನಪಾಯಿತು. ಅತ್ತೆ ನಳದ ಹತ್ತಿರ ಹಿತ್ತಾಳೆ ಕೊಡ ತಿಕ್ಕಿ, ಬೂದಿಯ ಚಿಪ್ಪು ಕೈಯಲ್ಲಿ ಹಿಡಿದು ಕಾರಿನ ಪಕ್ಕ ನಿಂತಿದ್ದರು. ನನಗೆ ಅಷ್ಟೇ ಸಾಕಾಯಿತು.

"ಅತ್ತೀ, ಗಾಜಿಗೆ ಬೂದಿ ಹಚ್ಚಿ ತಿಕ್ಕೀರೇನು? ಅದಕ್ಕ ನೋಡ್ರಿ ಹಿಂಗಾಗ್ಯಾದ. ಅದು ಕೊಡ ಅಲ್ರೀ, ಕಾರು."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಆತು ಬಿಡವಾ, ನಾನ ತಿಕ್ಕೀನಿ ಅಂತೀದಿ, ತಿಕ್ಕೀನಿ" ಎಂದು ಒಳಗೆ ಹೋದರು. ಆ ಶನಿವಾರ ನಾನು ಹಾರ್ನ್ ಹೊಡೆದರೆ ಬಾಗಿಲಿಗೆ ಬಂದು, "ನೀ ನಡಿ. ನಾ ಮುಟ್ಟಿದ್ರ ಮತ್ತ ಏನರ ಆದೀತು" ಎಂದರು. ಆಮೇಲೆ ಮಾನ್ವಿಯ ತಂಗಿಯ ಮನೆಗೂ ಬಸ್ಸಿನಲ್ಲಿ ಹೋದರು, ಸಂತೆಗೂ ಬಸ್ಸಿನಲ್ಲಿ ಹೋದರು. ನನ್ನ ಪಕ್ಕದ ಸೀಟು ಖಾಲಿ ಬಿತ್ತು. ಅದು ಖಾಲಿ ಇದ್ದಷ್ಟೂ ದಿನ ನಾನು ಒಳಗೊಳಗೇ ಸಿಟ್ಟಾಗಿದ್ದೆ. ತಪ್ಪು ಅವರದು, ಮುನಿಸೂ ಅವರದೇ ಎಂದುಕೊಳ್ಳುತ್ತಿದ್ದೆ.

ಈ ಮಧ್ಯೆ ಚಿಕಿತ್ಸೆ ನಡೆದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ವೈದ್ಯರೇ. ಹಿಂದಿ ಮೇಡಂ ಟೂತ್‌ಪೇಸ್ಟ್ ಎಂದರು. ಹಚ್ಚಿದೆ, ಕಾರು ಮೂರು ದಿನ ಪುದೀನ ವಾಸನೆ ಹೊಡೆಯಿತು. ಪಿ.ಟಿ. ಮೇಷ್ಟ್ರು ಆಲೂಗಡ್ಡೆ ಎಂದರು. ಅದರಿಂದ ಇರುವೆಗಳಿಗೆ ಅನುಕೂಲವಾಯಿತು. ಗಣಿತದ ಮೇಷ್ಟ್ರು ಮಾತ್ರ ಖಚಿತವಾಗಿ, ಲೆಕ್ಕ ಬಿಡಿಸಿದ ಗತ್ತಿನಲ್ಲಿ, ತೆಂಗಿನೆಣ್ಣೆ ಎಂದರು. ಎಣ್ಣೆ ಹಚ್ಚಿದ ದಿನ ಗೀರುಗಳು ನಿಜಕ್ಕೂ ಕಾಣಲಿಲ್ಲ. ರಾಯಚೂರೂ ಕಾಣಲಿಲ್ಲ. ನಾನು ಕಾರನ್ನು ಗೇಟಿನಿಂದ ಆಚೆ ತೆಗೆಯದೆ ಬಸ್ಸು ಹತ್ತಿದೆ.

ಕೊನೆಗೆ ಯಾರೋ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಓಣಿಯಲ್ಲಿರುವ ಮೌಲಾಸಾಬರ ಗಾಜಿನ ಅಂಗಡಿಯ ಗುರುತು ಹೇಳಿದರು. ಮುದುಕರು, ಐವತ್ತು ವರ್ಷದಿಂದ ಕನ್ನಡಿ ಕತ್ತರಿಸಿ ಹೊಳಪು ಕೊಡುವ ಕೆಲಸ. ಒಂದು ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿಕೊಂಡು ಹೋದೆ. ಅಂಗಡಿಯ ಎದುರು ಕಾರು ನಿಲ್ಲಿಸಿದೆ. ಗಾಜು ಧೂಳಾಗಿತ್ತು. ಅಂಥ ಗಾಜನ್ನು ಗಾಜಿನವರಿಗೆ ತೋರಿಸುವುದು ಮರ್ಯಾದೆಯಲ್ಲ ಎಂದು ಟವೆಲ್ ತುಂಡು ತೆಗೆದು ಎರಡೂ ಕಡೆಯಿಂದ ಚೆನ್ನಾಗಿ ಒರೆಸಿ, ಆಮೇಲೆ ಅವರನ್ನು ಕರೆದೆ.

"ಬರ್ರಿ ಮೇಡಂ, ನೋಡೋಣು" ಎಂದು ಅವರು ಕನ್ನಡಕ ಏರಿಸಿ ಗಾಜಿನ ಮೇಲೆ ಬಗ್ಗಿದರು. ಹೆಬ್ಬೆರಳಿನ ಉಗುರನ್ನು ಅಡ್ಡಕ್ಕೆ ಎಳೆದರು. ಉಗುರು ಎಲ್ಲೂ ತಡೆಯದೆ ಜಾರಿತು. "ಉಗುರು ಸಿಗಬಿದ್ದಿದ್ರ ನಕ್ಕೋ, ಆಗಂಗಿಲ್ಲ ಅಂತಿದ್ದೆ. ಸಿಗಬೀಳಲಿಲ್ಲ. ಮ್ಯಾಲಿಂದ ಮ್ಯಾಲ ಗೀರ್ಯಾವ. ಹೋಗತಾವ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆ ಹುರುಪಿನಲ್ಲಿ ಕೇಳಿದೆ: "ಚಾಚಾ, ಬೂದಿ ಹಚ್ಚಿ ತಿಕ್ಕಿದ್ರ ಹಿಂಗ ಆಗ್ತದಲ್ರೀ?"

"ಬೂದಿ ಯಾರು ಹಚ್ಯಾರ? ಬೂದಿ ಹಚ್ಚೋರು ನೀರು ಹಚ್ಚತಾರ. ಇದು ಒಣಾ ಬಟ್ಟಿ ಕೆಲಸ." ಅವರು ಬೆರಳಿನಿಂದ ಗಾಜಿನ ಮೇಲೆ ಸುತ್ತು ಹಾಕಿ ತೋರಿಸಿದರು. "ನೋಡ್ರಿ, ಬಲಗೈ. ಈ ಕಡಿ ನಿಂತು ಒರಸ್ಯಾರ, ಆ ಕಡಿ ಹೋಗಿ ಒರಸ್ಯಾರ. ನಡುವ ಈ ಪಟ್ಟಿ ನೋಡ್ರಿ, ಕನ್ನಡಿ ಇದ್ದಂಗ ಅದ. ಯಾಕ? ಕೈ ನಿಲುಕಿಲ್ಲ. ಒರಸಿದಾಕಿ ಗಿಡ್ಡಕಿ."

ನಾನು ಉದ್ದವಾಗಲು ಪ್ರಯತ್ನಿಸಿದೆ. ಹಿಮ್ಮಡಿ ಎತ್ತಿದ್ದು ಅವರಿಗೆ ಕಂಡಿತೇನೋ.

"ಯಾರದರಾ ಮ್ಯಾಲ ಯಾಕ ಹಾಕ್ತೀರಿ ಮೇಡಂ? ಈಗ ನನ್ನ ಅಂಗಡಿ ಮುಂದ ನಿಂತು ಒರಸಿದ್ರಲ್ಲ, ನಾ ಒಳಗಿಂದ ನೋಡಾಕತ್ತಿದ್ದೆ."

ಟವೆಲ್ ತುಂಡು ಇನ್ನೂ ನನ್ನ ಕೈಯಲ್ಲೇ ಇತ್ತು. ಓದುಗರೇ, ನಾನು ಎಂಟನೆಯ ತರಗತಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ: ಗಟ್ಟಿ ವಸ್ತು ಮೆದು ವಸ್ತುವನ್ನು ಗೀರುತ್ತದೆ, ಮರಳಿನ ಕಣ ಗಾಜಿಗಿಂತ ಗಟ್ಟಿ. ಬೋರ್ಡಿನ ಮೇಲೆ ಬರೆಸುತ್ತೇನೆ, ಪರೀಕ್ಷೆಗೆ ಕೊಡುತ್ತೇನೆ, ತಪ್ಪು ಬರೆದವರಿಗೆ ಕೆಂಪು ಗೆರೆ ಎಳೆಯುತ್ತೇನೆ. ಅದೇ ಕೈ ದಿನಾ ಬೆಳಿಗ್ಗೆ ಎಂಟಕ್ಕೆ ಮರಳನ್ನು ಗಾಜಿಗೆ ತಿಕ್ಕುತ್ತಿತ್ತು. ಎಡಚಿಯಾದ, ಉದ್ದ ಕೈಯ, ನಡುವಿನ ಪಟ್ಟಿಯೇನು ಆಚೆಯ ಕನ್ನಡಿಯವರೆಗೂ ನಿಲುಕುವ ನನ್ನ ಅತ್ತೆಯ ಮೇಲೆ ನಾನು ಆ ಗೀರುಗಳನ್ನು ಹೊರಿಸಿದ್ದೆ.

ಮೌಲಾಸಾಬರು ಒಂದು ಪೊಟ್ಟಣದಲ್ಲಿ ಕನ್ನಡಿಗೆ ಹೊಳಪು ಕೊಡುವ ಗುಲಾಬಿ ಬಣ್ಣದ ಪುಡಿ ಕಟ್ಟಿದರು. ಅಂಗೈಯಗಲದ ದಪ್ಪ ಉಣ್ಣೆಯ ತುಂಡೊಂದನ್ನು ಅದರ ಮೇಲಿಟ್ಟರು. "ಮಷಿನ್ ಹಚ್ಚಿದ್ರ ಒಂದು ತಾಸಿನ ಕೆಲಸ. ಆದ್ರ ಒಂದ ಕಡಿ ಬಿಸಿ ಆತಂದ್ರ ಗಾಜು ಅಲ್ಲಾಡಿದಂಗ ಕಾಣ್ತದ, ಮತ್ತ ಅದಕ್ಕ ದವಾ ಇಲ್ಲ. ಕೈಲೆ ಮಾಡ್ರಿ. ಒತ್ತಬಾರದು, ಒಣಗಬಾರದು, ಅವಸರ ಮಾಡಬಾರದು." ಅವರು ನನ್ನ ಕೈಯನ್ನು ನೋಡಿದರು, ಟವೆಲ್ಲನ್ನು ನೋಡಿದರು. "ನೀವು ಬ್ಯಾಡ್ರಿ. ಮನ್ಯಾಗ ಸಬೂರಿ ಇದ್ದೋರು ಯಾರರ ಅದಾರೇನು?"

ಇದ್ದರು. ದೇವದುರ್ಗದವರೆಗೆ ಅದನ್ನೇ ಯೋಚಿಸುತ್ತ ಬಂದೆ. ಅತ್ತೆಯ ಅಪ್ಪ ಕುರ್ಡಿಯಲ್ಲಿ ಪೀರಲ ಹಬ್ಬದ ಪಂಜಾಗಳನ್ನು ಬೆಳಗುವ ಹಕ್ಕಿನವರು. ಹಬ್ಬಕ್ಕೆ ಮೊದಲು ಪೆಟ್ಟಿಗೆಯಿಂದ ಆ ಲೋಹದ ಹಸ್ತಗಳನ್ನು ಹೊರಗೆ ತೆಗೆದು, ಹುಣಸೆಹಣ್ಣು, ಬೂದಿ ಹಚ್ಚಿ ಅವರು ತಿಕ್ಕಿದರೆ ಮುಖ ಕಾಣುತ್ತಿತ್ತಂತೆ, ಹುಡುಕಿದರೂ ಒಂದು ಗೀರು ಇರುತ್ತಿರಲಿಲ್ಲವಂತೆ. ಹುಡುಗಿ ಹುಸೇನಮ್ಮನ ಕೆಲಸ ಬೂದಿ ಸೋಸುವುದು. ಧೋತರದ ಬಟ್ಟೆಯಲ್ಲಿ ಮೂರು ಸಲ. ಈ ಕತೆಯನ್ನು ಅತ್ತೆ ನನಗೆ ನೂರು ಸಲ ಹೇಳಿದ್ದರು. ನಾನು ಹೂಂಗುಟ್ಟುತ್ತ ಪೇಪರು ತಿದ್ದುತ್ತಿದ್ದೆ.

ಮನೆಗೆ ಬಂದಾಗ ಅವರು ಪಡಸಾಲೆಯಲ್ಲಿ ಹೆಸರುಕಾಳು ಆರಿಸುತ್ತಿದ್ದರು. ನಾನು ಬ್ಯಾಗು ಇಳಿಸದೆ ಎದುರಿಗೆ ಕೂತೆ.

"ಅತ್ತೀ, ಗಾಜು ಗೀರಿದ್ದು ನೀವಲ್ಲ. ನಾನು."

"ಗೊತ್ತದವಾ" ಎಂದರು, ಕಾಳಿನಿಂದ ಕಣ್ಣೆತ್ತದೆ. "ದಿನಾ ಮುಂಜಾನಿ ಇಲ್ಲೇ ಕುಂತು ನೋಡತಿದ್ನಲ್ಲ. ಅವತ್ತು ಕೊಡ ತಿಕ್ಕಿದಾಕಿ, ನಿನಗ ಒಂದು ಬಟ್ಟಿ ತೋಯ್ಸಿಕೊಡೋಣಂತ ಬೂದಿ ಚಿಪ್ಪು ಹಿಡಕೊಂಡ ಬಂದೆ, ಅಷ್ಟ್ರಾಗ ನೀ ಹೋಗೇಬಿಟ್ಟಿ."

"ಮತ್ತ ನಾ ಅಂದಾಗ ಯಾಕ ಹೇಳ್ಲಿಲ್ರೀ?"

"ನೀ ಎಲ್ಲಿ ಕೇಳಿದಿ? ಕೇಳಿದ್ರ ಹೇಳತಿದ್ದೆ. ನೀ ಹೇಳಿದಿ, ನಾ ಕೇಳಿದೆ."

ನನಗೆ ಅಳು ಬಂತು. ಅತ್ತಿದ್ದೂ ಹೌದು. ಅತ್ತೆ ಮೊರದಲ್ಲಿದ್ದ ಕಾಳನ್ನು ಪಕ್ಕಕ್ಕೆ ಸರಿಸಿ, "ಸಾಕು, ಕಾಳು ತೊಯ್ದಾವು" ಎಂದರು. ನಾನು ಮೂಗು ಒರೆಸಿಕೊಂಡು ಪೊಟ್ಟಣ ಮುಂದಿಟ್ಟೆ. ಮೌಲಾಸಾಬರು ಹೇಳಿದ್ದನ್ನೆಲ್ಲ ಹೇಳಿದೆ. ಅವರು ಒಂದು ಚಿಟಿಕೆ ಪುಡಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ತಿಕ್ಕಿದರು.

"ಚಲೋ ಅದ. ಆದ್ರ ನಾ ಸೋಸಿದ ಬೂದಿ ಇದಕ್ಕಿಂತ ಸಣ್ಣಗಿತ್ತು."

ಮಾವನವರ ಹಳೆಯ ಧೋತರದ ತುಂಡು ಪೆಟ್ಟಿಗೆಯಿಂದ ಹೊರಗೆ ಬಂತು. ಅಂಗಡಿಯಿಂದ ತಂದ ಪುಡಿಯನ್ನು ಅವರು ಮತ್ತೆ ಸೋಸಿದರು, ಮೂರು ಸಲ. ಮೂರನೆಯ ಸಲ ಬಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣದೊಂದು ಕಣ ಉಳಿಯಿತು. ಅದನ್ನು ಉಗುರಿನ ತುದಿಯಲ್ಲಿ ಎತ್ತಿ ನನಗೆ ತೋರಿಸಿದರು. "ನೋಡು ಸಾಯನ್ಸ್ ಟೀಚರ. ಇದ ನಿನ್ನ ವೈರಿ."

ಮರುದಿನ ಭಾನುವಾರ. ನಮ್ಮ ಅಂಗಳದ ಬೇವಿನ ನೆರಳಲ್ಲಿ ಕಾರು ನಿಂತಿತು. ಮೊದಲು ನಾಲ್ಕು ಕೊಡ ನೀರು ಸುರಿದು ಗಾಜನ್ನು ತೊಳೆಸಿದರು, ಬಟ್ಟೆ ಮುಟ್ಟಿಸಲಿಲ್ಲ. ಆಮೇಲೆ ಪುಡಿಯನ್ನು ನೀರಲ್ಲಿ ಕಲಸಿ, ಉಣ್ಣೆಯ ತುಂಡಿಗೆ ಹಚ್ಚಿ, ಎಡಗೈಯಲ್ಲಿ ಸಣ್ಣ ಸಣ್ಣ ಸುತ್ತು ಹಾಕತೊಡಗಿದರು. ಒತ್ತಲಿಲ್ಲ, ಅವಸರ ಮಾಡಲಿಲ್ಲ. ಒಂದು ಅಂಗೈಯಗಲ ಮುಗಿದರೆ ತಡೆದು, ಬೆರಳಿಟ್ಟು ಗಾಜು ಬಿಸಿಯಾಗಿದೆಯೇ ನೋಡಿ, ಇನ್ನೊಂದು ಕಡೆಗೆ ಹೋಗುತ್ತಿದ್ದರು. ನನಗೆ ಸಿಕ್ಕ ಕೆಲಸ ಚೊಂಬಿನಿಂದ ಹನಿ ಹನಿ ನೀರು ಬಿಡುವುದು. ಎಮ್ಮೆಸ್ಸಿ ಬಿಎಡ್ ಮಾಡಿದ ನಾನು ಅದರಲ್ಲೂ ಎರಡು ಸಲ ಬೈಸಿಕೊಂಡೆ. "ಹೊಯ್ಯಬ್ಯಾಡಬೇ, ಹನಸು!"

ಕೆಲಸ ಮಾಡುತ್ತ ಅವರು ಮೊಹರಂನಲ್ಲಿ ಹಾಡುವ ರಿವಾಯತ್ ಪದದ ಧಾಟಿಯನ್ನು ಮೂಗಿನಲ್ಲೇ ಗುನುಗುತ್ತಿದ್ದರು. ಓಣಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಗಾಜಿಗೆ ಕುಂಕುಮ ಹಚ್ಚಾಕತ್ತ್ಯಾರ ಎಂದರು ಒಬ್ಬರು. ಅತ್ತೆಗೆ ಅದು ಯಾವುದೂ ಕೇಳಿಸಲಿಲ್ಲ. ಮಧ್ಯೆ ಒಮ್ಮೆ ಸೊಂಟ ನೆಟ್ಟಗೆ ಮಾಡಿ, ನನ್ನತ್ತ ತಿರುಗಿ ಮೆಲ್ಲಗೆ ಹೇಳಿದರು:

"ಬೂದಿ ಸೋಸಾಕಷ್ಟ ನಾನು. ಪಂಜಾ ಮುಟ್ಟಾಕ ಹೆಣ್ಮಕ್ಕಳಿಗೆ ಕೊಡತಿದ್ದಿಲ್ಲ. ದೂರ ನಿಂತು ಅಪ್ಪನ ಕೈ ನೋಡತಿದ್ದೆ. ಹೆಂಗ ತಿರುಗಸ್ತಾನ, ಎಲ್ಲಿ ನಿಲ್ಲಸ್ತಾನ, ಎಲ್ಲಾ ಗೊತ್ತದ ನನಗ. ಒಂದು ಸಲನೂ ಕೈಯಾಗ ಕೊಡಲಿಲ್ಲ." ಆಮೇಲೆ ಗಾಜನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ಈಗ ನೋಡು, ಎಷ್ಟು ದೊಡ್ಡದು ಸಿಕ್ಕದ."

ಅರವತ್ತು ವರ್ಷ ಒಂದು ಕೆಲಸವನ್ನು ಕೈಯಲ್ಲಿ ಇಟ್ಟುಕೊಂಡು ಕಾದವರ ಮುಖ ಹೇಗಿರುತ್ತದೆಂದು ನಾನು ಅವತ್ತು ನೋಡಿದೆ. ಚೊಂಬಿನ ನೀರು ಹನಿಸುವುದನ್ನು ಮರೆತು ಮತ್ತೆ ಬೈಸಿಕೊಂಡೆ.

ಆರು ದಿನ ಹಿಡಿಯಿತು. ದಿನಾ ಬೆಳಿಗ್ಗೆ ಬಿಸಿಲು ಬೇವಿನೊಳಗೆ ಇಳಿಯುವವರೆಗೆ ಎರಡು ತಾಸು. ಆ ವಾರ ನಾನು ಬಸ್ಸಿನಲ್ಲಿ ಓಡಾಡಿದೆ, ಬೇಜಾರಾಗಲಿಲ್ಲ. ಮೂರನೆಯ ದಿನ ನಮ್ಮವರು ಬೈಕು ತೆಗೆಯುತ್ತ, "ಏನವ್ವಾ, ಏನರ ಆತೇನು?" ಎಂದು ಕೇಳಿದ್ದಕ್ಕೆ ಅತ್ತೆ ತಿರುಗಿಯೂ ನೋಡದೆ, "ಕಾರು ಬಿಡು ಅಂದಿಯಂತಲ್ಲ ಆಕಿಗೆ. ಶನಿವಾರತನಕ ಬಾಯಿ ಮುಚ್ಚಿಕೊಂಡಿರು" ಎಂದರು. ಅವರು ಬಾಯಿ ಮುಚ್ಚಿಕೊಂಡು ಆಫೀಸಿಗೆ ಹೋದರು.

ಶುಕ್ರವಾರ ಕೊನೆಯ ಸಲ ತೊಳೆದು ನೋಡಿದಾಗ ಗಾಜು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ನಾನು ಕುಣಿಯುವುದೊಂದು ಬಾಕಿ. ಆಗ ಕಣ್ಣಿಗೆ ಬಿತ್ತು: ನನ್ನ ಸೀಟಿನ ಎದುರು, ಗಾಜಿನ ಕೆಳಗಿನ ಮೂಲೆಯಲ್ಲಿ, ಒಂದು ಅಂಗೈಯಗಲ ಜಾಗದಲ್ಲಿ ಹಳೆಯ ಗೀರುಗಳು ಹಾಗೇ ಇದ್ದವು.

"ಅತ್ತೀ, ಇಲ್ಲೊಂಚೂರು ಉಳದದ ನೋಡ್ರಿ."

"ಉಳದಿಲ್ಲ, ಬಿಟ್ಟೀನಿ. ರಸ್ತಾ ನೋಡಾಕ ಅದು ಅಡ್ಡ ಬರಲ್ಲ" ಎಂದು ಅವರು ಕೈ ತೊಳೆದುಕೊಂಡರು. "ಅಪ್ಪ ಪಂಜಾದ ಹಿಂದ ಒಂದು ಬೆರಳಗಲ ತಿಕ್ಕದ ಬಿಡತಿದ್ದ. ಎಲ್ಲಾ ಬೆಳಗಿಬಿಟ್ರ ಮೊದಲು ಹೆಂಗಿತ್ತಂತ ಯಾರಿಗೆ ಗೊತ್ತಾಗಬೇಕು?"

ಮರುದಿನ ಶನಿವಾರ. ಹಾರ್ನ್ ಹೊಡೆಯುವುದಕ್ಕೆ ಮೊದಲೇ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ಪಕ್ಕದ ಸೀಟಿನಲ್ಲಿ ಕೂತಾಗಿತ್ತು, ಕೈ ಎರಡೂ ಮೊಣಕಾಲ ಮೇಲೆ. ಶಾಲೆ ಆಯಿತು, ಬಜಾರು ಆಯಿತು. ತೀನ್ ಕಂದೀಲಿನ ಓಣಿಗೆ ಹೋಗಿ ಮೌಲಾಸಾಬರಿಗೆ ಗಾಜು ತೋರಿಸಿದೆವು. ಅವರು ಉಗುರು ಎಳೆದು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿ, ಅತ್ತೆಗೆ ಕೈಯೆತ್ತಿ ಸಲಾಮು ಮಾಡಿದರು. "ಈ ಕೈ ಯಾವ ಊರಿಂದವಾ?" ಎಂದರು. "ಕುರ್ಡೀದ್ರೀ" ಎಂದರು ಅತ್ತೆ, ಊರಿಗೆ ಊರೇ ಅವರದೆನ್ನುವ ಹಾಗೆ.

ಸಂಜೆ ಪಡುವಲಿಗೆ ಹೊರಟೆವು. ಗಬ್ಬೂರು ಬರುವ ಹೊತ್ತಿಗೆ ಸೂರ್ಯ ಅದೇ ಜಾಗದಲ್ಲಿ ಬಂದು ನಿಂತ. ನಾನು ಸ್ಟೀರಿಂಗನ್ನು ಬಿಗಿ ಹಿಡಿದೆ. ಮೇಲಿನ ಬಿಸಿಲುಮರೆಯ ಪಟ್ಟಿ ಇಳಿಸಿಕೊಂಡು ಕಣ್ಣು ಕಿರಿದು ಮಾಡಿ ಕಾದೆ. ಏನೂ ಹೊತ್ತಿಕೊಳ್ಳಲಿಲ್ಲ. ರಸ್ತೆ ರಸ್ತೆಯಾಗಿಯೇ ಇತ್ತು, ಜಾಲಿ ಜಾಲಿಯಾಗಿ, ಹತ್ತಿಯ ಹೊಲ ಹತ್ತಿಯ ಹೊಲವಾಗಿ. ದೂರದಲ್ಲಿ ಕುರಿಹಿಂಡು ಕಂಡಿತು. ಒಂದೊಂದು ಕುರಿಯ ಕಿವಿಯೂ ಕಂಡಿತು. ಒಂದು ಫರ್ಲಾಂಗ್ ಮೊದಲೇ ನಿಧಾನ ಮಾಡಿ, ಅಂಚಿಗೆ ನಿಲ್ಲಿಸಿ, ಹಿಂಡು ದಾಟಲೆಂದು ಠೀವಿಯಿಂದ ಕೈ ಬೀಸಿದೆ. ಅದೇ ಮುದುಕ. ಕಿಟಕಿಯ ಹತ್ತಿರ ಬಂದು ನೋಡಿದ.

"ಇವತ್ತು ಕಣ್ಣು ತಂದೀಯಲ್ಲವಾ!"

"ಕಣ್ಣು ಆಕೀದು" ಎಂದರು ಪಕ್ಕದ ಸೀಟಿನಿಂದ ಅತ್ತೆ. "ಬೆಳಗಿದ್ದು ನಾ."

ಆ ಮುದುಕನಿಗೆ ಏನು ಅರ್ಥವಾಯಿತೋ, ಮುಂಡಾಸ ಸರಿಮಾಡಿಕೊಂಡು ಜೋರಾಗಿ ನಕ್ಕ. ನಾವೂ ನಕ್ಕೆವು. ಮನೆ ಮುಟ್ಟಿದ ಮೇಲೆ ನಮ್ಮವರು ಕಾರಿನ ಸುತ್ತ ಒಂದು ಸುತ್ತು ಬಂದು, ಗಾಜಿನ ಮುಂದೆ ನಿಂತು ಕೂದಲು ಬಾಚಿಕೊಂಡರು. ಕಾರು ಬಿಡುವ ಮಾತು ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನ ಮಾನ ಒಂದಿಷ್ಟು ಉಳಿಯುತ್ತಿತ್ತು. ಆದರೆ ಮುಂದಿನ ಶನಿವಾರ ಎಂಟನೆಯ ತರಗತಿಗೆ ಅದೇ ಪಾಠ ಬಂತು, ಗಟ್ಟಿ ವಸ್ತು ಮೆದು ವಸ್ತು. ಪುಸ್ತಕದ ಚಿತ್ರ ಮಕ್ಕಳಿಗೆ ಹತ್ತಲಿಲ್ಲ. ನಾನು ಸುಮ್ಮನಿರದೆ ನಲವತ್ತೆರಡು ಮಕ್ಕಳನ್ನೂ ಶಾಲೆಯ ಅಂಗಳಕ್ಕೆ ಕರೆದುಕೊಂಡು ಬಂದೆ. ಬೇವಿನ ಕೆಳಗೆ ಕಾರು, ಕಾರಿನೊಳಗೆ ಅತ್ತೆ. ಮಕ್ಕಳು ಗಾಜಿನ ಸುತ್ತ ಮುಕುರಿಕೊಂಡರು. ಆ ಅಂಗೈಯಗಲ ಜಾಗ ತೋರಿಸಿ, ಮರಳಿನ ಕಣ ಹೇಗೆ ಗೀರುತ್ತದೆಂದು ವಿವರಿಸಿದೆ. ಗುಂಜಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಆ ಗೀರಿನ ಮೇಲೆ ಬೆರಳಿಟ್ಟು ಕೇಳಿದಳು:

"ಮೇಡಂರೀ, ಇಷ್ಟು ಗೀರ್ಯಾರಲ್ರೀ, ಯಾರ್ರೀ ಅವ್ರು?"

ನಾನು ಗಾಜಿನಾಚೆ ನೋಡಿದೆ. ಅತ್ತೆ ಕೈ ಮೊಣಕಾಲ ಮೇಲಿಟ್ಟು, ನೇರ ಮುಂದೆ ನೋಡುತ್ತ, ಏನೂ ಕೇಳಿಸದವರಂತೆ ಕೂತಿದ್ದರು.

"ನಾನ. ಒಣಾ ಬಟ್ಟಿಲೆ ಒರಸಿ ಗೀರೀನಿ. ಉಳದದ್ದೆಲ್ಲಾ ಬೆಳಗಿದವ್ರು ನಮ್ಮ ಅತ್ತಿ."

ಕಿಟಕಿಯ ಗಾಜು ಮೆಲ್ಲಗೆ ಕೆಳಗಿಳಿಯಿತು. ಅತ್ತೆ ತಲೆ ಹೊರಗೆ ಹಾಕಿದರು.

"ಜೋರಾಗಿ ಹೇಳವಾ. ಹಿಂದ ನಿಂತ ಹುಡುಗ್ರಿಗೆ ಕೇಳ್ಸಲಿಲ್ಲ."